ಚಳಿಗಾಲದ ಬೆಟ್ಟ ಮತ್ತು ಜೊತೆಗಾರನ ಧರ್ಮ

ಮಹಾಭಾರತದ ಕೊನೆಯಲ್ಲಿ ಪಾಂಡವರು ಹಿಮಾಲಯ ಹತ್ತಿದ ಕಥೆ ಎಲ್ಲ ಭಕ್ತಾದಿಗಳಿಗೂ ಗೊತ್ತಿರುವುದೇ. ದಾರಿಯಲ್ಲಿ ದ್ರೌಪದಿ, ಸಹದೇವ, ನಕುಲ, ಅರ್ಜುನ, ಭೀಮ ಒಬ್ಬೊಬ್ಬರಾಗಿ ಬಿದ್ದರು. ಧರ್ಮರಾಯ ತಿರುಗಿ ನೋಡದೆ ನಡೆದ. ಕೊನೆಗೆ ಜೊತೆಯಲ್ಲಿ ಉಳಿದದ್ದು ಒಂದು ನಾಯಿ ಮಾತ್ರ. ಇಂದ್ರನು ರಥ ತಂದು, ನಾಯಿಯನ್ನು ಬಿಟ್ಟು ಹತ್ತು ಅಂದಾಗ, ನಂಬಿ ಬಂದದ್ದನ್ನು ಬಿಟ್ಟು ಬರುವ ಸ್ವರ್ಗ ತನಗೆ ಬೇಡ ಅಂದುಬಿಟ್ಟ. ಆ ನಾಯಿಯೇ ಧರ್ಮದೇವತೆಯಾಗಿತ್ತು.

ತಮ್ಮಂದಿರು ಬಿದ್ದಾಗ ನಿಲ್ಲದವನು ನಾಯಿಗಾಗಿ ಯಾಕೆ ನಿಂತ ಅಂತ ಕೆಲವರು ಕೇಳುವುದುಂಟು. ಅದು ದೇಹ ಬಿಡಲೆಂದೇ ಹೊರಟ ಪ್ರಯಾಣ. ಬಿದ್ದವರನ್ನು ಎತ್ತಿಕೊಂಡು ಹೋಗಲು ಅಲ್ಲಿ ಮನೆ ಇರಲಿಲ್ಲ. ಯಾತ್ರಿಕರ ಪ್ರಯಾಣ ಹಾಗಲ್ಲ. ದರ್ಶನ ಮುಗಿಸಿ ಮನೆ ಸೇರಬೇಕು. ಆದ್ದರಿಂದ ಯಾತ್ರಿಕರು ಹಿಡಿಯಬೇಕಾದದ್ದು ನಾಯಿಯನ್ನು ಬಿಡದ ಪಾಠವನ್ನು.

ಉತ್ತರಾಖಂಡದ ತುಂಗನಾಥಕ್ಕೆ ಕನ್ನಡ ನಾಡಿನಿಂದಲೂ ಜನ ಹೋಗುತ್ತಾರೆ. ಪಂಚಕೇದಾರಗಳಲ್ಲಿ ಒಂದಾದ ಈ ಗುಡಿ ಸುಮಾರು 3,680 ಮೀಟರ್ ಎತ್ತರದಲ್ಲಿದೆ. ಚಳಿಗಾಲದಲ್ಲಿ ಹಿಮ ಬೀಳುವುದರಿಂದ ಬಾಗಿಲು ಮುಚ್ಚಿ, ಉತ್ಸವಮೂರ್ತಿಯನ್ನು ಕೆಳಗಿನ ಮಕ್ಕುಮಠಕ್ಕೆ ಇಳಿಸಿ ಅಲ್ಲೇ ಪೂಜೆ ಮಾಡುತ್ತಾರೆ. ದೇವರೇ ಕಾಲ ನೋಡಿ ಕೆಳಗೆ ಇಳಿಯುತ್ತಾನೆ ಅಂದಮೇಲೆ ಮನುಷ್ಯ ಇಳಿಯುವುದರಲ್ಲಿ ಏನು ಅವಮಾನ? ಆದರೂ ಹಿಮ ನೋಡಬೇಕೆಂದು ಗೆಳೆಯರು ಚೋಪ್ತಾದಿಂದ ಹೊರಟು, ತುಂಗನಾಥ ದಾಟಿ ಚಂದ್ರಶಿಲೆಗೆ ಹತ್ತುವುದುಂಟು. ಒಂದು ಸಾವಿರ ಮೀಟರ್ ಮೇಲೆ ಹೋದರೆ ಚಳಿ ಸುಮಾರು ಆರೂವರೆ ಡಿಗ್ರಿ ಹೆಚ್ಚುತ್ತದೆ. ಈ ದಾರಿಯಲ್ಲಿ ತುಂಬಾ ಎತ್ತರ ಏರಬೇಕು. ಅಂದರೆ ಚೋಪ್ತಾದಲ್ಲಿ ಬಿಸಿಲು ಕಾಯಿಸುತ್ತಾ ಕೂತವನಿಗೆ ಮೇಲೆ ಇನ್ನೂ ಹೆಚ್ಚು ಚಳಿ, ಅದರ ಮೇಲೆ ಗಾಳಿ ಬೇರೆ.

ಮನುಷ್ಯನ ಒಳಮೈ ಶಾಖ ಸುಮಾರು 37 ಡಿಗ್ರಿ. ಅದು 35ಕ್ಕಿಂತ ಕೆಳಗೆ ಇಳಿದರೆ ಅಪಾಯ ಶುರು. ಮೊದಲು ಮೈ ನಡುಗುತ್ತದೆ. ಆಮೇಲೆ ಮಾತು ತೊದಲುತ್ತದೆ, ಕಾಲು ಎಡವುತ್ತದೆ, ಬುದ್ಧಿ ಮಂಕಾಗುತ್ತದೆ. ಇಲ್ಲೇ ಇರುವುದು ಗುಟ್ಟು: ಬುದ್ಧಿ ಮಂಕಾದವನಿಗೆ ತನಗೆ ಹೀಗಾಗಿದೆ ಅಂತ ಗೊತ್ತಾಗುವುದಿಲ್ಲ. ನನಗೇನೂ ಆಗಿಲ್ಲ, ನಡಿ ಅಂತಾನೆ. ಅದನ್ನು ಕಾಣಬೇಕಾದದ್ದು ಗೆಳೆಯನ ಕಣ್ಣು. ನಡುಕ ನಿಂತಿತು, ಆದರೆ ಮಾತು ಸರಿಹೋಗಲಿಲ್ಲ ಅಂದರೆ ಅದು ವಾಸಿಯಾದದ್ದಲ್ಲ, ಇನ್ನೂ ಕೆಟ್ಟದ್ದು.

ಜೊತೆಯಾಗಿ ಹತ್ತುವವರು ನೆನಪಿಡಬೇಕಾದ್ದು:

1. ನಿಧಾನ ನಡೆಯುವವನು ಮುಂದೆ ಇರಲಿ. ಹಿಂದೆ ಬಿಟ್ಟವನು ಬಿದ್ದರೆ ತಿಳಿಯುವುದಿಲ್ಲ.

2. ಎಷ್ಟು ಗಂಟೆಗೆ ಹಿಂತಿರುಗಬೇಕೆಂದು ಕೆಳಗೇ ಮಾತಾಡಿಕೊಳ್ಳಿ. ತುದಿ ಹತ್ತಿರ ಕಂಡಮೇಲೆ ಯಾರಿಗೂ ಹಿಂತಿರುಗುವ ಮನಸ್ಸು ಬರುವುದಿಲ್ಲ.

3. ಬೆವರಿಗೆ ಒದ್ದೆಯಾದ ಬಟ್ಟೆ ಚಳಿಯನ್ನು ಒಳಗೆ ಬಿಡುತ್ತದೆ. ಒಣ ಬಟ್ಟೆ ಒಂದು ಜೊತೆ ಪ್ಲಾಸ್ಟಿಕ್ ಚೀಲದಲ್ಲಿ ಇರಲಿ.

4. ಪ್ರಜ್ಞೆ ಸರಿಯಿದ್ದು ನುಂಗಬಲ್ಲವನಿಗೆ ಬಿಸಿ ಸಿಹಿ ಚಹಾ ಕೊಡಿ. ಮದ್ಯ ಖಂಡಿತ ಬೇಡ. ಮೈ ಬೆಚ್ಚಗಾದಂತೆ ಅನ್ನಿಸಿ ಒಳಗಿನ ಶಾಖ ಹೊರಗೆ ಹೋಗುತ್ತದೆ.

5. ಮರಗಟ್ಟಿದ ಬೆರಳನ್ನು ತಿಕ್ಕಬೇಡಿ.

6. ಸುಸ್ತಾದವನನ್ನು, ನೀನು ಇಳಿದು ಹೋಗು, ನಾನು ನೋಡಿಕೊಂಡು ಬರ್ತೀನಿ ಅಂತ ಒಬ್ಬನನ್ನೇ ಎಂದಿಗೂ ಕಳಿಸಬೇಡಿ. ಇಳಿದರೆ ಇಬ್ಬರೂ ಇಳಿಯಬೇಕು.

ಇದೆಲ್ಲ ಹೆದರಿಸಲು ಹೇಳಿದ್ದಲ್ಲ. 2024ರ ಜೂನ್‌ನಲ್ಲಿ ಉತ್ತರಾಖಂಡದ ಸಹಸ್ರತಾಲ್‌ಗೆ ಹೋಗಿದ್ದ, ಹೆಚ್ಚಿನವರು ಕರ್ನಾಟಕದವರೇ ಆಗಿದ್ದ 22 ಜನರ ಚಾರಣ ತಂಡ ಹಿಮಗಾಳಿಗೆ ಸಿಕ್ಕಿತು. 9 ಜನ ತೀರಿಕೊಂಡರು, 13 ಜನರನ್ನು ಉಳಿಸಿ ತರಲಾಯಿತು. ಅದು ಚಳಿಗಾಲವೂ ಅಲ್ಲ, ಬೇಸಿಗೆ. ಎತ್ತರದ ಬೆಟ್ಟಕ್ಕೆ ಪಂಚಾಂಗದ ತಿಂಗಳು ತಿಳಿಯುವುದಿಲ್ಲ.

ಗುಡಿ ಇನ್ನು ನೂರು ಹೆಜ್ಜೆ ಇರುವಾಗ ಗೆಳೆಯನಿಗಾಗಿ ಹಿಂತಿರುಗಿದವನಿಗೆ ದರ್ಶನ ತಪ್ಪಿತು ಅಂತ ಯಾರೂ ಅಂದುಕೊಳ್ಳಬಾರದು. ರಥದ ಬಾಗಿಲಲ್ಲಿ ನಿಂತು ಬೇಡ ಅಂದವನಿಗೇ ಅಲ್ಲವೇ ಧರ್ಮ ತನ್ನ ನಿಜರೂಪ ತೋರಿಸಿದ್ದು? ಬೆಟ್ಟ ಮುಂದಿನ ವರ್ಷವೂ ಅಲ್ಲೇ ಇರುತ್ತದೆ. ಇಬ್ಬರೂ ಸೇರಿ ಮತ್ತೆ ಬರಬಹುದು.