ಪ್ಲೇಟ್‌ಲೆಟ್ ಲೆಕ್ಕ ಮತ್ತು ಮೇದೋಜ್ಜೀರಕದ ಉರಿಯೂತ



ಮಳೆಗಾಲ ಬಂತೆಂದರೆ ಕೊಚ್ಚಿಯಲ್ಲಿಯೂ ತಿರುವನಂತಪುರದಲ್ಲಿಯೂ ಪ್ಲೇಟ್‌ಲೆಟ್ ಎಂಬುದು ಮನೆಮಾತು. ಡೆಂಗಿ ಜ್ವರ ಆ ಪದವನ್ನು ನಮಗೆಲ್ಲ ಕಲಿಸಿದೆ. ಆದರೆ ಮೇದೋಜ್ಜೀರಕ ಗ್ರಂಥಿಯ ಉರಿಯೂತ, ಅಂದರೆ ಪ್ಯಾಂಕ್ರಿಯಾಟೈಟಿಸ್ ಆದವರ ಮನೆಯವರೂ "ಪ್ಲೇಟ್‌ಲೆಟ್ ಇಳಿದಿದೆ, ಕೂಡಲೇ ರಕ್ತ ಬೇಕು" ಎಂದು ಗಾಬರಿಯಿಂದ ನಮ್ಮ ನೆರವು ನಿಧಿಗೆ ಫೋನ್ ಮಾಡುತ್ತಾರೆ. ನಾನು ವೈದ್ಯನಲ್ಲ, ವಾಣಿಜ್ಯ ಓದಿ, ಬ್ಯಾಂಕಿನಲ್ಲಿ ಲೆಕ್ಕ ನೋಡಿ ನಿವೃತ್ತನಾದವನು. ಆ ಸಂಖ್ಯೆಯ ಅರ್ಥವೇನೆಂದು ಓದಿ, ಕೇಳಿ ತಿಳಿದದ್ದನ್ನು ಇಲ್ಲಿ ಬರೆದಿದ್ದೇನೆ.

ಮೇದೋಜ್ಜೀರಕ ಜಠರದ ಹಿಂದೆ ಅಡ್ಡಲಾಗಿ ಮಲಗಿರುವ ಗ್ರಂಥಿ. ಇನ್ಸುಲಿನ್ ಕೊಡುವುದೂ ಅದೇ, ಆಹಾರ ಕರಗಿಸುವ ಕಿಣ್ವ ಕೊಡುವುದೂ ಅದೇ. ಈ ಕಿಣ್ವಗಳು ಕರುಳು ಸೇರಿದ ಮೇಲೆ ಚುರುಕಾಗಬೇಕು. ಪಿತ್ತಕೋಶದ ಕಲ್ಲು ದಾರಿಗೆ ಅಡ್ಡ ಕುಳಿತರೆ, ಮದ್ಯಪಾನದಿಂದ, ಇಲ್ಲವೇ ರಕ್ತದಲ್ಲಿ ಟ್ರೈಗ್ಲಿಸರೈಡ್ ಬಹಳ ಏರಿದರೆ ಅವು ಗ್ರಂಥಿಯೊಳಗೇ ಚುರುಕಾಗಿ ಅದನ್ನೇ ಸುಡತೊಡಗುತ್ತವೆ.

ಕೇರಳಕ್ಕೆ ಈ ಗ್ರಂಥಿಯ ಕಾಯಿಲೆ ಹೊಸದಲ್ಲ. ಬಹುಕಾಲ ಕಾಡುವ, ಗ್ರಂಥಿಯಲ್ಲಿ ಕಲ್ಲು ಕಟ್ಟಿ ಸಕ್ಕರೆ ಕಾಯಿಲೆ ತರುವ ಬಗೆಯನ್ನು 1960ರ ದಶಕದಲ್ಲಿ ಡಾ. ಪಿ.ಜೆ. ಗೀವರ್ಗೀಸ್ ಇಲ್ಲಿನ ರೋಗಿಗಳಲ್ಲಿ ವಿವರವಾಗಿ ದಾಖಲಿಸಿದರು. 2008ರಲ್ಲಿ ಕೊಚ್ಚಿಯ ಅಮೃತಾ ಸಂಸ್ಥೆಯ ಡಾ. ವಿ. ಬಾಲಕೃಷ್ಣನ್ ಮತ್ತು ಸಂಗಡಿಗರು ದೇಶದ 1,086 ಇಂಥ ರೋಗಿಗಳ ಅಧ್ಯಯನ ಪ್ರಕಟಿಸಿದರು. ನೂರಕ್ಕೆ ಸುಮಾರು 39 ಮಂದಿಯಲ್ಲಿ ಕಾರಣ ಮದ್ಯ. ಇದು ನಿಧಾನದ ಬಗೆ. ಹಠಾತ್ತನೆ ಬರುವ ಬಗೆಯಲ್ಲೇ ಪ್ಲೇಟ್‌ಲೆಟ್ ಮಾತು ಹೆಚ್ಚು.

ಪ್ಲೇಟ್‌ಲೆಟ್‌ಗಳು ಎಲುಬಿನ ಮಜ್ಜೆಯ ದೊಡ್ಡ ಕೋಶಗಳಿಂದ ಕಳಚಿದ ಪುಟ್ಟ ತುಣುಕುಗಳು. ಆಯಸ್ಸು 7ರಿಂದ 10 ದಿನ. ಒಂದು ಮೈಕ್ರೋಲೀಟರ್ ರಕ್ತದಲ್ಲಿ ಒಂದೂವರೆಯಿಂದ ನಾಲ್ಕೂವರೆ ಲಕ್ಷ ಇರುತ್ತವೆ. ಗಾಯದಲ್ಲಿ ರಕ್ತ ನಿಲ್ಲಿಸುವುದು ನಮಗೆ ಗೊತ್ತಿರುವ ಕೆಲಸ. ಉರಿಯೂತದಲ್ಲಿ ಅವಕ್ಕೆ ಇನ್ನೊಂದು ಕೆಲಸವಿದೆ: ರಕ್ತನಾಳದ ಗೋಡೆಗೆ ಅಂಟಿಕೊಂಡು ಬಿಳಿ ರಕ್ತಕಣಗಳನ್ನು ಕರೆದು ತರುವುದು. ಸ್ವೀಡನ್ನಿನ ಲುಂಡ್ ವಿಶ್ವವಿದ್ಯಾಲಯದ ಸಂಶೋಧಕರು ಇಲಿಗಳಲ್ಲಿ ಪ್ಲೇಟ್‌ಲೆಟ್‌ಗಳನ್ನು ಮೊದಲೇ ತಗ್ಗಿಸಿ ನೋಡಿದಾಗ ಗ್ರಂಥಿಗೆ ನುಗ್ಗುವ ಬಿಳಿಕಣಗಳೂ ಕಡಿಮೆಯಾದವು, ಹಾನಿಯೂ ಕಡಿಮೆಯಾಯಿತು. ಅಂದರೆ ಇವು ಬೆಂಕಿ ಆರಿಸಲು ಬಂದವರೂ ಹೌದು, ಉರಿ ಹೆಚ್ಚಿಸುವವರೂ ಹೌದು. ಇಲಿಯಲ್ಲಿ ಕಂಡದ್ದು ಮನುಷ್ಯರ ಚಿಕಿತ್ಸೆಯಲ್ಲ ಎಂಬುದನ್ನು ಮರೆಯಬಾರದು.

ತೀವ್ರ ಕಾಯಿಲೆಯಲ್ಲಿ ಸಣ್ಣ ರಕ್ತನಾಳಗಳೊಳಗೆ ಹೆಪ್ಪು ಕಟ್ಟಿ ಪ್ಲೇಟ್‌ಲೆಟ್‌ಗಳು ಖರ್ಚಾಗುತ್ತವೆ. ಲೆಕ್ಕದ ಭಾಷೆಯಲ್ಲಿ ಹೇಳುವುದಾದರೆ, ಶಿಲ್ಕು ಇಳಿದಾಗ ಜಮೆ ಕಡಿಮೆಯೋ ಖರ್ಚು ಹೆಚ್ಚೋ ಎಂದು ಮೊದಲು ನೋಡಬೇಕು. ಇಲ್ಲಿ ಸಾಮಾನ್ಯವಾಗಿ ಖರ್ಚು ಹೆಚ್ಚು. ಇಳಿಯುವ ಸಂಖ್ಯೆ ಕಾಯಿಲೆ ಬಿಗಡಾಯಿಸುತ್ತಿದೆ ಎಂಬ ಸೂಚನೆ. ಮೂಲ ಕಾಯಿಲೆಗೆ ಡ್ರಿಪ್, ನೋವುಶಮನ, ತುರ್ತು ನಿಗಾ, ಕಲ್ಲಿದ್ದರೆ ಅದರ ಚಿಕಿತ್ಸೆ ನಡೆಯದೆ ಪ್ಲೇಟ್‌ಲೆಟ್ ಚೀಲಗಳನ್ನಷ್ಟೇ ಏರಿಸುತ್ತ ಹೋದರೆ ಪ್ರಯೋಜನವಿಲ್ಲ. ರಕ್ತಸ್ರಾವವಿಲ್ಲದ ರೋಗಿಗೆ ಸಾಮಾನ್ಯವಾಗಿ 10 ಸಾವಿರಕ್ಕಿಂತ ಕೆಳಗಿಳಿದಾಗ, ದೊಡ್ಡ ಶಸ್ತ್ರಚಿಕಿತ್ಸೆಯಿದ್ದರೆ 50 ಸಾವಿರಕ್ಕಿಂತ ಕಡಿಮೆಯಿದ್ದಾಗ ಕೊಡುವ ರೂಢಿ. ತೀರ್ಮಾನ ವೈದ್ಯರದು.

ಕೊಡಲೇಬೇಕಾದಾಗ ಮಾತ್ರ ತಡವಾಗಬಾರದು. ಪ್ಲೇಟ್‌ಲೆಟ್ ಚೀಲವನ್ನು ಫ್ರಿಜ್ಜಿನಲ್ಲಿಡುವುದಿಲ್ಲ. 20ರಿಂದ 24 ಡಿಗ್ರಿಯಲ್ಲಿ ಸದಾ ಅಲುಗಾಡಿಸುತ್ತ ಇಟ್ಟರೂ ಸಾಮಾನ್ಯವಾಗಿ 5 ದಿನವಷ್ಟೇ ಬಾಳುತ್ತದೆ. ಆದ್ದರಿಂದ ಇದನ್ನು ತಿಂಗಳುಗಟ್ಟಲೆ ಕೂಡಿಡಲಾಗದು. ಕೂಡಿಡಬಹುದಾದದ್ದು ದಾನಿಗಳ ಪಟ್ಟಿ.

ಎರಡು ವಿನಂತಿಗಳಿವೆ. 18ರಿಂದ 60 ವಯಸ್ಸಿನ, 50 ಕಿಲೋ ಮೀರಿದ, ಆರೋಗ್ಯವಂತ ಸದಸ್ಯರು ಎರಡೂ ನಗರಗಳಲ್ಲಿ ತಮ್ಮ ಹೆಸರು, ರಕ್ತದ ಗುಂಪು ಬರೆಸಿರಿ. ಮೂರು ದಿನಗಳೊಳಗೆ ಆಸ್ಪಿರಿನ್ ನುಂಗಿದ್ದರೆ ತಿಳಿಸಿರಿ. ನನ್ನಂತೆ ಅರವತ್ತು ದಾಟಿದವರು ನಿಧಿಗೆ ಕೈಲಾದದ್ದು ಕೊಡಿರಿ. ತೀವ್ರ ಪ್ಯಾಂಕ್ರಿಯಾಟೈಟಿಸ್‌ನಲ್ಲಿ ಮನೆಯವರನ್ನು ಸಾಲಕ್ಕೆ ದೂಡುವುದು ವಾರಗಟ್ಟಲೆ ನಿಗಾ ಘಟಕದ ಬಿಲ್ಲು.

ಕೊನೆಯದಾಗಿ, ಹೊಟ್ಟೆಯ ಮೇಲ್ಭಾಗದಲ್ಲಿ ಶುರುವಾಗಿ ಬೆನ್ನಿಗೆ ಹರಿಯುವ ತಡೆಯಲಾರದ ನೋವು, ಜೊತೆಗೆ ವಾಂತಿ ಕಂಡರೆ ಗ್ಯಾಸ್ ಎಂದು ಸುಮ್ಮನಿರಬೇಡಿ. ಆ ರಾತ್ರಿಯೇ ಆಸ್ಪತ್ರೆಗೆ ಹೊರಡಿ. ಹಣದ ಚಿಂತೆಯಿದ್ದರೆ ದಾರಿಯಿಂದಲೇ ಸಂಘಕ್ಕೆ ಒಂದು ಫೋನ್ ಮಾಡಿ.