ಹೆಸರು ಬದಲಾದರೂ ಉಳಿಯುವುದೇನು? – ರಾಮನಗರ ಕಲಿಸುವ ಪಾಠ



ನಮ್ಮ ಊರಿಗೆ ಈ ಹೆಸರು ಹೇಗೆ ಬಂತೆಂದು ಮಕ್ಕಳು ಕೇಳಿದರೆ ನಮ್ಮಲ್ಲಿ ಎಷ್ಟು ಮಂದಿ ಉತ್ತರ ಹೇಳಬಲ್ಲೆವು? ಮೈಸೂರು ರಸ್ತೆಯಲ್ಲಿ ಹೋಗುವಾಗ ರಾಮನಗರದ ಬಂಡೆಗಳನ್ನು ಕಂಡು, "‘ಶೋಲೆ’ ಚಿತ್ರ ತೆಗೆದದ್ದು ಇಲ್ಲೇ" ಎಂದು ಹೇಳಿ ಮುಂದೆ ಸಾಗಿಬಿಡುತ್ತೇವೆ. 1975ರಲ್ಲಿ ತೆರೆಕಂಡ ಆ ಚಿತ್ರಕ್ಕಿಂತ ಬಹು ಹಿಂದಿನ ಕಥೆ ಅರ್ಕಾವತಿ ದಡದ ಈ ಊರಿಗಿದೆ.

ಟಿಪ್ಪುವಿನ ಕಾಲದಲ್ಲಿ ಇದಕ್ಕೆ ಶಂಸೇರಾಬಾದ್ ಎಂಬ ಹೆಸರಿತ್ತೆಂದು ಹೇಳುತ್ತಾರೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಿತು. ಮರುವರ್ಷ, ಮೈಸೂರಿನ ಬ್ರಿಟಿಷ್ ರೆಸಿಡೆಂಟ್ ಬ್ಯಾರಿ ಕ್ಲೋಸ್ ಹೆಸರಿನಲ್ಲಿ ಇಲ್ಲಿ ಕ್ಲೋಸ್‌ಪೇಟೆ ಹುಟ್ಟಿತು. ಸ್ವಾತಂತ್ರ್ಯಾನಂತರ, ಇದೇ ಸೀಮೆಯವರಾದ ಕೆಂಗಲ್ ಹನುಮಂತಯ್ಯನವರ ಪ್ರಯತ್ನದಿಂದ ಅದು ರಾಮನಗರವಾಯಿತು. 2007ರಲ್ಲಿ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ತಾಲ್ಲೂಕುಗಳು ಸೇರಿ ರಾಮನಗರ ಜಿಲ್ಲೆಯಾಯಿತು. 2025ರಲ್ಲಿ ಆ ಜಿಲ್ಲೆ ಬೆಂಗಳೂರು ದಕ್ಷಿಣ ಎನಿಸಿಕೊಂಡಿತು. ಊರು ಮಾತ್ರ ರಾಮನಗರವಾಗಿಯೇ ಉಳಿಯಿತು.

ಹೆಸರು ಬೇರೆ, ವಸ್ತುವಿನ ಸತ್ವ ಬೇರೆ ಎಂದು ತತ್ವಶಾಸ್ತ್ರ ಕಲಿಸುತ್ತದೆ. ಹಾಗಾದರೆ ಈ ಊರಿನ ಸತ್ವ ಎಲ್ಲಿದೆ?

ಮೊದಲನೆಯದು, ಬಂಡೆ. ರಾಮದೇವರ ಬೆಟ್ಟದ ಕಲ್ಲಿಗೆ ಸುಮಾರು 250 ಕೋಟಿ ವರ್ಷಗಳ ವಯಸ್ಸು. ಉತ್ತರ–ದಕ್ಷಿಣವಾಗಿ ನೂರಾರು ಕಿಲೋಮೀಟರ್ ಚಾಚಿರುವ ಈ ಶಿಲಾಪಟ್ಟಿಯನ್ನು ಭೂವಿಜ್ಞಾನಿಗಳು ಇಂದಿಗೂ ‘ಕ್ಲೋಸ್‌ಪೇಟ್ ಗ್ರಾನೈಟ್’ ಎಂದೇ ಕರೆಯುತ್ತಾರೆ. ಊರು ಬಿಟ್ಟ ಹೆಸರನ್ನು ಕಲ್ಲು ಉಳಿಸಿಕೊಂಡಿದೆ!

ಎರಡನೆಯದು, ದುಡಿಮೆ. ಮೈಸೂರು ಸೀಮೆಗೆ ರೇಷ್ಮೆ ಕೃಷಿ ತಂದವನು ಟಿಪ್ಪು. ಇಂದು ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆ ಏಷ್ಯಾದಲ್ಲೇ ದೊಡ್ಡದೆಂದು ಹೆಸರಾಗಿದೆ. ಹೊತ್ತುಹೊತ್ತಿಗೆ ಹಿಪ್ಪುನೇರಳೆ ಸೊಪ್ಪು ಹಾಕಿ, ಹಣ್ಣಾದ ಹುಳುವನ್ನು ಚಂದ್ರಿಕೆಗೆ ಬಿಟ್ಟು, ಮನೆಮಂದಿಯೆಲ್ಲ ಪಟ್ಟ ಶ್ರಮಕ್ಕೆ ಅಲ್ಲಿ ಹರಾಜಿನಲ್ಲಿ ಬೆಲೆ ಕಟ್ಟಲಾಗುತ್ತದೆ. ಗೂಡು ಕೊಂಡವರು ಅದನ್ನು ಬಿಸಿನೀರಿನಲ್ಲಿ ಬೇಯಿಸಿ, ಒಂದೊಂದರಿಂದಲೂ ನೂರಾರು ಮೀಟರ್ ಎಳೆ ತೆಗೆಯುತ್ತಾರೆ. ಮದುವೆಯ ಸೀರೆ ಉಟ್ಟವರು ಆ ಕೈಗಳನ್ನು ನೆನೆಯಬೇಡವೇ?

ಮೂರನೆಯದು, ಜೀವ. ರಾಮದೇವರ ಬೆಟ್ಟದ ಕಡಿದಾದ ಬಂಡೆಗಳ ಮೇಲೆ ಉದ್ದ ಕೊಕ್ಕಿನ ರಣಹದ್ದುಗಳು ಗೂಡು ಕಟ್ಟುತ್ತವೆ. ಸತ್ತ ದನಕರುಗಳನ್ನು ತಿಂದು ಊರನ್ನು ಚೊಕ್ಕಟವಾಗಿಡುವ ಹಕ್ಕಿ ಇದು. ದನಗಳ ನೋವಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಔಷಧಿ ಸತ್ತ ದನದ ಮಾಂಸದ ಮೂಲಕ ಹದ್ದುಗಳ ಮೂತ್ರಪಿಂಡವನ್ನು ಕೆಡಿಸಿ, ದೇಶದಾದ್ಯಂತ ಅವುಗಳನ್ನು ಅಳಿವಿನಂಚಿಗೆ ತಂದಿತು. 2006ರಲ್ಲಿ ಪಶುಗಳಿಗೆ ಅದರ ಬಳಕೆಯನ್ನು ನಿಷೇಧಿಸಲಾಯಿತು. 2012ರಲ್ಲಿ ಈ ಬೆಟ್ಟದ ಸುಮಾರು 346 ಹೆಕ್ಟೇರ್ ಪ್ರದೇಶವನ್ನು ರಣಹದ್ದು ಧಾಮವೆಂದು ಘೋಷಿಸಲಾಯಿತು. ಆದರೂ ಅಲ್ಲಿ ಉಳಿದಿರುವ ಹದ್ದುಗಳು ಬೆರಳೆಣಿಕೆಯಷ್ಟು ಮಾತ್ರ.

ಅಳಿಸಿದ ಹೆಸರನ್ನು ಒಂದು ಆದೇಶದಿಂದ ಮತ್ತೆ ಬರೆಯಬಹುದು. ಒಡೆದ ಬಂಡೆಯನ್ನು ಕೂಡಿಸಲಾಗದು. ಅಳಿದ ಹಕ್ಕಿಯನ್ನು ಕರೆತರಲಾಗದು. ಮಕ್ಕಳು ಕಲಿಯದೆ ಬಿಟ್ಟ ಕಸುಬನ್ನು ಮತ್ತೆ ಚಿಗುರಿಸುವುದು ಸುಲಭವಲ್ಲ. ಊರ ಹೆಸರಿಗಾಗಿ ವಾದಿಸುವಷ್ಟು ಉತ್ಸಾಹವನ್ನು ಊರಿನ ಸತ್ವ ಕಾಯುವುದಕ್ಕೂ ತೋರೋಣ. ಬಿಡುವಿನ ದಿನ ಮಕ್ಕಳನ್ನು ಬೆಟ್ಟದ ಬಳಿಗೆ ಕರೆದೊಯ್ಯಿರಿ. ಸದ್ದು ಮಾಡದೆ, ಪ್ಲಾಸ್ಟಿಕ್ ಬಿಸಾಡದೆ, ತಲೆಯೆತ್ತಿ ನೋಡುವುದನ್ನು ಕಲಿಸಿರಿ.

ಕುಟುಂಬದಲ್ಲಿ ಚಿಂತಿಸಲು:

1. ನಮ್ಮ ಊರಿಗೆ ಹಿಂದೆ ಯಾವ ಹೆಸರುಗಳಿದ್ದವು? ಮನೆಯ ಹಿರಿಯರನ್ನು ಕೇಳಿರಿ.
2. ನಮ್ಮ ಅಜ್ಜ–ಅಜ್ಜಿಯರು ಮಾಡುತ್ತಿದ್ದ ಯಾವ ಕಸುಬು ಇಂದು ಮನೆಯಲ್ಲಿ ಉಳಿದಿಲ್ಲ?
3. ನಮ್ಮ ಊರಿನ ಕೆರೆ, ಬಂಡೆ, ಮರಗಳಲ್ಲಿ ಯಾವುದನ್ನು ಕಾಯುವ ಹೊಣೆಯನ್ನು ನಮ್ಮ ಮನೆ ಹೊರಬಲ್ಲದು?