ಖೋಲಿ ಏರಿಸುವ ಮುನ್ನ

ಮಸಗುಪ್ಪಿಯಲ್ಲಿ ಮಗನ ಮದುವೆ ಗೊತ್ತಾಯಿತೆಂದರೆ ಮೊದಲು ಗೌಂಡಿಗೆ ಫೋನು ಹೋಗುತ್ತದೆ. ಪಂಚಾಯಿತಿಯ ನೆನಪಾಗುವುದು ಗೋಡೆ ಎದೆಮಟ್ಟ ಬಂದ ಮೇಲೆ.

ಅನುಮತಿ ಹೊಸ ಮನೆಗೆ ಮಾತ್ರ ಬೇಕು ಎಂಬ ನಂಬಿಕೆ ತಪ್ಪು. ಕರ್ನಾಟಕದ 1993ರ ಪಂಚಾಯತ್ ರಾಜ್ ಕಾಯ್ದೆಯ 64ನೇ ಪ್ರಕರಣದಂತೆ, ಇರುವ ಮನೆಗೆ ಖೋಲಿ ಸೇರಿಸಲಿಕ್ಕೂ ಗ್ರಾಮ ಪಂಚಾಯಿತಿಯ ಲಿಖಿತ ಅನುಮತಿ ಬೇಕು. ಪಿಡಿಒ ಬಾಯಿಮಾತಿನಲ್ಲಿ ‘ಕಟ್ಟಿಕೊಳ್ರಿ’ ಅಂದರೆ ಸಾಲದು.

ಇ-ಸ್ವತ್ತಿನ ಉತಾರ ತೆಗೆಸಿ ನೋಡಿ. ಎಷ್ಟೋ ಮನೆಗಳು ಇನ್ನೂ ತೀರಿಹೋದ ಅಜ್ಜನ ಹೆಸರಿನಲ್ಲೇ ಇರುತ್ತವೆ. ಅಂಥ ಕಾಗದದ ಮೇಲೆ ಬ್ಯಾಂಕ್ ಸಾಲ ಸಿಗುವುದು ಕಷ್ಟ. ವಾರಸಾ ಮೊದಲು ಮಾಡಿಸಿಕೊಳ್ಳಿ. ಅಣ್ಣತಮ್ಮಂದಿರ ಸಹಿ ಮಾತು ಚೆನ್ನಾಗಿರುವಾಗಲೇ ಆಗಲಿ!

ಗಾವಠಾಣದ ಹೊರಗೆ, ಹೊಲದಲ್ಲಿ ಮನೆ ಇದ್ದರೆ ಲೆಕ್ಕ ಬೇರೆ. ತೋಟದ ಮನೆಗೆ ಕಾನೂನಿನಲ್ಲಿ ಜಾಗವಿದೆ, ಬಾಡಿಗೆಯ ಅಂಗಡಿ ಸಾಲಿಗೆ ಭೂಪರಿವರ್ತನೆ ಆಗಲೇಬೇಕು.

ಹೊಳೆ ಕಡೆ ಹಿತ್ತಲಿದ್ದವರು ಆ ದಿಕ್ಕಿಗೆ ಬೆಳೆಸಬೇಡಿ. 2019ರ ಆಗಸ್ಟಿನಲ್ಲಿ ಘಟಪ್ರಭಾ ಎಲ್ಲಿವರೆಗೆ ಬಂದಿತ್ತೆಂದು ಓಣಿಯ ಹಿರಿಯರನ್ನು ಕೇಳಿ, ಆಮೇಲೆ ಪಾಯ ಅಗೆಸಿ.